ಎತ್ತು ಏರಿಗೆ, ಕೋಣ ನೀರಿಗೆ: ಹಳದಿ ಮೆಟ್ರೋ ಹೇಳಿಕೊಡೋ ಟೀಮ್ ಪಾಠ



ಈ ಸಲದ ಕಲಿಕೆ ಲೇಖನದ ವಿಷಯ ಮ್ಯಾನೇಜ್‌ಮೆಂಟ್ ಪುಸ್ತಕದ್ದು, ಉದಾಹರಣೆ ಮಾತ್ರ ನಮ್ಮ ಜಯನಗರದ್ದು. ಪ್ರಶ್ನೆ ಇಷ್ಟೇ. ಒಂದು ಕಂಪನಿಯಲ್ಲಿ ಹತ್ತಾರು ಟೀಮ್‌ಗಳಿರುತ್ತವೆ. ಪ್ರತಿ ಟೀಮೂ ಕಷ್ಟಪಟ್ಟು ಕೆಲಸ ಮಾಡುತ್ತೆ. ಆದ್ರೂ ಕೊನೆಗೆ ಆಗಬೇಕಾದ ಕೆಲಸ ಆಗೋದಿಲ್ಲ, ಇಲ್ಲಾಂದ್ರೆ ವರ್ಷಗಟ್ಟಲೆ ತಡ ಆಗುತ್ತೆ. ಯಾಕೆ?

"ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು" ಅಂತ ನಮ್ಮಲ್ಲಿ ಗಾದೆ ಇದೆ. ಒಂದೇ ನೊಗಕ್ಕೆ ಎತ್ತನ್ನೂ ಕೋಣವನ್ನೂ ಕಟ್ಟಿದ್ದಾರೆ. ಎತ್ತಿಗೆ ಒಣನೆಲ ಬೇಕು, ಕೋಣಕ್ಕೆ ನೀರು ಬೇಕು. ಇಲ್ಲಿ ಗಮನಿಸಬೇಕಾದ ವಿಷಯ ಏನಂದ್ರೆ, ಎರಡರಲ್ಲಿ ಯಾವುದೂ ಸೋಮಾರಿ ಅಲ್ಲ. ಎರಡೂ ಪೂರ್ತಿ ಬಲ ಹಾಕಿ ಎಳೀತಾ ಇವೆ. ಆದ್ರೆ ನೇಗಿಲು ಮುಂದೆ ಹೋಗ್ತಿಲ್ಲ. ನಮ್ಮ ಪ್ರಾಜೆಕ್ಟ್ ಕೆಟ್ಟಾಗ ನಾವು ಮೊದಲು ಹುಡುಕೋದು "ಯಾರು ಕೆಲಸ ಮಾಡಿಲ್ಲ" ಅಂತ. ಗಾದೆ ನಮ್ಮ ಕೈಲಿ ಬೇರೆ ಪ್ರಶ್ನೆ ಕೇಳಿಸುತ್ತೆ: ಎಲ್ಲರೂ ಕೆಲಸ ಮಾಡಿದ ಮೇಲೂ ಯಾಕೆ ಆಗಲಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ನಮ್ಮ ತಲೆ ಮೇಲೇ ಒಂದು ದೊಡ್ಡ ಉದಾಹರಣೆ ಇದೆ. ಅದೇ ನಮ್ಮ ಮೆಟ್ರೋದ ಹಳದಿ ಮಾರ್ಗ.

1. ದಾರಿ ಸಿದ್ಧ, ರೈಲು ಇಲ್ಲ

ಮೊದಲು ವಿವರಗಳು. ನಮ್ಮ ಮೆಟ್ರೋ ನಡೆಸೋದು ಬೆಂಗಳೂರು ಮೆಟ್ರೋ ರೈಲು ನಿಗಮ, ಅಂದ್ರೆ ಬಿಎಂಆರ್‌ಸಿಎಲ್. ಇದು ಒಂದು ಕಂಪನಿ, ಕೇಂದ್ರ ಸರ್ಕಾರ ಮತ್ತು ಕರ್ನಾಟಕ ಸರ್ಕಾರ ಅರ್ಧ ಅರ್ಧ ಪಾಲು ಹೊಂದಿರುವ ಕಂಪನಿ. ಮೆಟ್ರೋ 2ನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅದರಲ್ಲಿ ಒಂದು ಭಾಗ ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ. ಉದ್ದ 19.15 ಕಿ.ಮೀ., ನಿಲ್ದಾಣಗಳು 16. ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್, ಸೆಂಟ್ರಲ್ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ದಾರಿ. ಜಯನಗರ, ಜೆಪಿ ನಗರ, ಬನಶಂಕರಿ ಕಡೆಯಿಂದ ಆ ಕಡೆ ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಬೇಕಾದ ಮಾರ್ಗ ಇನ್ನೊಂದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ ಹೆಸರು ಕೇಳಿದ್ರೆ ಸಾಕು, ಬೆಂಗಳೂರಿನವರಿಗೆ ಬೇರೆ ವಿವರಣೆ ಬೇಡ.

ಈ ಮಾರ್ಗ ಉದ್ಘಾಟನೆ ಆಗಿದ್ದು 2025ರ ಆಗಸ್ಟ್ 10ರಂದು. ಆದ್ರೆ ಕಂಬ, ಮೇಲ್ಸೇತುವೆ, ನಿಲ್ದಾಣಗಳ ಕೆಲಸ ಅದಕ್ಕಿಂತ ಎಷ್ಟೋ ಮೊದಲೇ ಬಹುತೇಕ ಮುಗಿದಿತ್ತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಸುಮಾರು 3.3 ಕಿ.ಮೀ. ಡಬಲ್ ಡೆಕ್ಕರ್ ಮೇಲ್ಸೇತುವೆ ಇದೆಯಲ್ಲ, ಅದರ ರಸ್ತೆಯ ಒಂದು ಬದಿ 2024ರ ಜುಲೈನಲ್ಲೇ ತೆರೆಯಿತು. ಅಂದ್ರೆ ಕೆಳಗಿನ ಅಂತಸ್ತಿನಲ್ಲಿ ಕಾರು, ಬೈಕು ಓಡ್ತಿದ್ವು. ಅದೇ ಕಂಬದ ಮೇಲಿನ ಅಂತಸ್ತಿನಲ್ಲಿ ಪ್ರಯಾಣಿಕರ ರೈಲು ಬರೋಕೆ ಇನ್ನೂ ಒಂದು ವರ್ಷ ಬೇಕಾಯ್ತು.

ಕಾರಣ, ರೈಲೇ ಇರಲಿಲ್ಲ.

2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ 216 ಬೋಗಿಗಳ ಗುತ್ತಿಗೆ ಸಿಕ್ಕಿತು. ಆರು ಬೋಗಿಗೆ ಒಂದು ರೈಲು ಅಂದ್ರೆ 36 ರೈಲು, ಅದರಲ್ಲಿ ಹಳದಿ ಮಾರ್ಗಕ್ಕೆ 15. ಹೆಚ್ಚಿನ ಬೋಗಿಗಳನ್ನು ಭಾರತದಲ್ಲೇ ತಯಾರಿಸಬೇಕು ಅನ್ನೋದು ಷರತ್ತು. ಅದಕ್ಕೆ ಇಲ್ಲಿ ಕಾರ್ಖಾನೆ ಬೇಕು. ಅದು ಆಗಲಿಲ್ಲ. ನಡುವೆ ಕೋವಿಡ್ ಬಂತು, 2020ರ ಗಡಿ ಸಂಘರ್ಷ ಬಂತು. ಕೊನೆಗೆ ಪಶ್ಚಿಮ ಬಂಗಾಳದ ತೀತಾಗಢ ರೈಲ್ ಸಿಸ್ಟಮ್ಸ್ ಕಂಪನಿ ಜೊತೆ ಸೇರಿ ಬೋಗಿ ತಯಾರಿಸೋ ವ್ಯವಸ್ಥೆ ಆಯ್ತು. ಚೀನಾದಿಂದ ಮೊದಲ ಮಾದರಿ ರೈಲು ಹಡಗಿನಲ್ಲಿ ಚೆನ್ನೈಗೆ ಬಂದು, ರಸ್ತೆ ಮೇಲೆ ಹೆಬ್ಬಗೋಡಿ ಡಿಪೋ ಸೇರಿದ್ದು 2024ರ ಫೆಬ್ರವರಿಯಲ್ಲಿ. ತೀತಾಗಢದಲ್ಲಿ ತಯಾರಾದ ಮೊದಲ ರೈಲು ಕಾರ್ಖಾನೆಯಿಂದ ಹೊರಟಿದ್ದು 2025ರ ಜನವರಿಯಲ್ಲಿ.

ಇದರಲ್ಲಿ ಯಾರೋ ಒಬ್ಬರನ್ನ ಬೈಯೋದು ಸುಲಭ. ನಮ್ಮ ಉದ್ದೇಶ ಅದಲ್ಲ. ಸಿವಿಲ್‌ನವರು ಕಂಬ ಕಟ್ಟಿದ್ರು, ಹಳಿಯವರು ಹಳಿ ಹಾಕಿದ್ರು, ವಿದ್ಯುತ್‌ನವರು ಮೂರನೇ ಹಳಿಗೆ 750 ವೋಲ್ಟ್ ಕೊಡೋಕೆ ಸಿದ್ಧ ಮಾಡಿದ್ರು. ಅವರವರ ಮಟ್ಟಿಗೆ ಕೆಲಸ ಮುಗಿದಿತ್ತು. ರಾಗಿಗುಡ್ಡದ ಕೆಳಗೆ ಬಸ್ಸಿಗೆ ಕಾಯ್ತಾ ನಿಂತವರಿಗೆ ಮಾತ್ರ ಏನೂ ಬದಲಾಗಿರಲಿಲ್ಲ. ಟೀಮ್‌ನ ಕಣ್ಣಲ್ಲಿ ಕೆಲಸ ಮುಗಿಯೋದು ಬೇರೆ, ಪ್ರಯಾಣಿಕರ ಕಣ್ಣಲ್ಲಿ ಮುಗಿಯೋದು ಬೇರೆ. ಈ ಎರಡರ ನಡುವಿನ ಅಂತರವೇ ಇವತ್ತಿನ ಪಾಠ.

2. ಒಂದು ಸಣ್ಣ ಲೆಕ್ಕ

ಎಂಜಿನಿಯರಿಂಗ್ ಓದ್ತಾ ಇದೀವಿ, ಲೆಕ್ಕ ಇಲ್ಲದೆ ಹೇಗೆ? ಪೆನ್ನು ತಗೊಳ್ಳಿ.

ಒಂದು ಮಾರ್ಗದಲ್ಲಿ ಎರಡು ರೈಲುಗಳ ನಡುವಿನ ಅಂತರ ಹೇಗೆ ಸಿಗುತ್ತೆ? ಒಂದು ರೈಲು ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ ವಾಪಸ್ ಬಂದು ಮತ್ತೆ ಹೊರಡೋಕೆ ಬೇಕಾದ ಸಮಯವನ್ನ ರೈಲುಗಳ ಸಂಖ್ಯೆಯಿಂದ ಭಾಗಿಸಿ.

ಅಂತರ = ಒಂದು ಸುತ್ತಿನ ಸಮಯ ÷ ರೈಲುಗಳ ಸಂಖ್ಯೆ

ಹಳದಿ ಮಾರ್ಗ ಶುರುವಾದಾಗ 3 ರೈಲು ಇತ್ತು, 25 ನಿಮಿಷಕ್ಕೆ ಒಂದು. ಹಾಗಾದ್ರೆ ಒಂದು ಸುತ್ತಿನ ಸಮಯ 3 × 25 = 75 ನಿಮಿಷ. ಈಗ ಈ 75ನ್ನ ಇಟ್ಕೊಂಡು ಮುಂದಿನದನ್ನ ಊಹಿಸೋಣ. 4 ರೈಲು ಆದ್ರೆ 75 ÷ 4 = 18.75. ನಾಲ್ಕನೇ ರೈಲು 2025ರ ಸೆಪ್ಟೆಂಬರ್‌ನಲ್ಲಿ ಸೇರಿದಾಗ ಅಂತರ 19 ನಿಮಿಷ ಆಯ್ತು. 5 ರೈಲು ಆದ್ರೆ 75 ÷ 5 = 15. ಐದನೇ ರೈಲು ನವೆಂಬರ್‌ನಲ್ಲಿ ಸೇರಿದಾಗ ಅಂತರ 15 ನಿಮಿಷ ಆಯ್ತು. ನಮ್ಮ ಪುಟ್ಟ ಸೂತ್ರ ಕೆಲಸ ಮಾಡ್ತಿದೆ! ಗುತ್ತಿಗೆಯಲ್ಲಿರೋ 15 ರೈಲೂ ಒಟ್ಟಿಗೆ ಓಡಿದ್ರೆ 5 ನಿಮಿಷ. (ನಿಜದಲ್ಲಿ ಒಂದೆರಡು ರೈಲನ್ನ ರಿಪೇರಿಗೆ, ತುರ್ತಿಗೆ ಅಂತ ಬಿಡುವಾಗಿ ಇಡ್ತಾರೆ.)

ರೈಲುಗಳ ಸಂಖ್ಯೆ ಸೊನ್ನೆ ಆದ್ರೆ? 75 ÷ 0. ಮೊದಲ ಸೆಮಿಸ್ಟರ್ ಗಣಿತದ ಮೇಷ್ಟ್ರು ಏನು ಹೇಳ್ತಾರೋ ಅದೇ ಉತ್ತರ. ನಿಲ್ದಾಣ ಎಷ್ಟೇ ಚೆನ್ನಾಗಿರಲಿ, ಕಂಬ ಎಷ್ಟೇ ಗಟ್ಟಿ ಇರಲಿ, ಉತ್ತರ ಬದಲಾಗಲ್ಲ.

ಈಗ ಇದನ್ನೇ ಪ್ರೋಗ್ರೆಸ್ ರಿಪೋರ್ಟ್ ರೂಪದಲ್ಲಿ ನೋಡಿ. ಉದಾಹರಣೆಗೆ ಅಂತ ನಾವೇ ಹಾಕಿರೋ ಅಂಕಿ ಇವು: ಸೇತುವೆ 100%, ನಿಲ್ದಾಣ 100%, ಹಳಿ ಮತ್ತು ವಿದ್ಯುತ್ 100%, ರೈಲು 15ಕ್ಕೆ 3 ಅಂದ್ರೆ 20%. ಸರಾಸರಿ ತೆಗೆದ್ರೆ 80%. ಎಂಬತ್ತು ಪರ್ಸೆಂಟ್ ಅಂದ್ರೆ ಡಿಸ್ಟಿಂಕ್ಷನ್! ಆದ್ರೆ ಪ್ಲಾಟ್‌ಫಾರ್ಮ್ ಮೇಲೆ ನಿಂತವರಿಗೆ ಸಿಗೋದು 25 ನಿಮಿಷಕ್ಕೊಂದು ರೈಲು. ಯಾಕಂದ್ರೆ ಹಲವು ಟೀಮ್‌ಗಳ ಕೆಲಸ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವಾಗ, ಫಲಿತಾಂಶ ಸರಾಸರಿ ಅಲ್ಲ, ಕನಿಷ್ಠ. ಸರಪಳಿಯ ಬಲ ಅಂದ್ರೆ ಅದರ ಅತಿ ದುರ್ಬಲ ಕೊಂಡಿಯ ಬಲ. ಎಲಿಯಾಹು ಗೋಲ್ಡ್‌ರಾಟ್ ಅನ್ನೋ ಚಿಂತಕ 1984ರಲ್ಲಿ 'ದಿ ಗೋಲ್' ಅನ್ನೋ ಕಾದಂಬರಿ ಬರೆದು ಇದನ್ನೇ ಕಾರ್ಖಾನೆಗಳಿಗೆ ಹೇಳಿಕೊಟ್ಟ. ಅವನ ಮಾತಿನ ಸಾರ: ಎಲ್ಲಿ ಕಟ್ಟಿಕೊಂಡಿದೆಯೋ ಆ ಜಾಗ ಬಿಟ್ಟು ಬೇರೆಲ್ಲಿ ಸುಧಾರಣೆ ಮಾಡಿದ್ರೂ ಒಟ್ಟು ಫಲ ಹೆಚ್ಚಾಗಲ್ಲ.

ಮೊದಲ ನಿಯಮ: ಟೀಮ್‌ಗಳ ಸರಾಸರಿ ಬರೀಬೇಡಿ, ಹಿಂದೆ ಉಳಿದ ಕೊಂಡಿಯನ್ನ ರಿಪೋರ್ಟ್‌ನ ಮೊದಲ ಸಾಲಲ್ಲಿ ಬರೀರಿ.

3. ಯಾವುದು ಮೊದಲು?

ರೈಲು ಬಂದ ತಕ್ಷಣ ಓಡಿಸಬಹುದಿತ್ತಲ್ವಾ? ಆಗಲ್ಲ. ಮಾದರಿ ರೈಲು ಡಿಪೋಗೆ ಬಂದಿದ್ದು 2024ರ ಫೆಬ್ರವರಿ, ಪ್ರಯಾಣಿಕರು ಹತ್ತಿದ್ದು 2025ರ ಆಗಸ್ಟ್. ನಡುವೆ ಸುಮಾರು ಒಂದೂವರೆ ವರ್ಷ.

ಹಳದಿ ಮಾರ್ಗದಲ್ಲಿರೋದು ಸಿಬಿಟಿಸಿ ಅನ್ನೋ ಸಿಗ್ನಲ್ ವ್ಯವಸ್ಥೆ. ಇದರಲ್ಲಿ ರೈಲು ತಾನೆಲ್ಲಿದ್ದೀನಿ, ಎಷ್ಟು ವೇಗದಲ್ಲಿದ್ದೀನಿ ಅಂತ ರೇಡಿಯೋ ಮೂಲಕ ಸತತವಾಗಿ ಹೇಳ್ತಾ ಇರುತ್ತೆ. ಹಳಿ ಪಕ್ಕದ ಕಂಪ್ಯೂಟರ್ ಎಲ್ಲಿವರೆಗೆ ಹೋಗಬಹುದು ಅಂತ ಅದಕ್ಕೆ ಹೇಳುತ್ತೆ. ಸಿಗ್ನಲ್ ಕೆಲಸ ಸೀಮೆನ್ಸ್‌ನದು, ರೈಲು ಸಿಆರ್‌ಆರ್‌ಸಿ ಮತ್ತು ತೀತಾಗಢದ್ದು, ದಾರಿ ಬಿಎಂಆರ್‌ಸಿಎಲ್‌ನದು. ಹಳಿ ಪಕ್ಕದ ಪೆಟ್ಟಿಗೆಗಳನ್ನೆಲ್ಲ ಜೋಡಿಸಿ ಇಟ್ರೂ, ಮಾತಾಡೋಕೆ ರೈಲೇ ಇಲ್ಲ ಅಂದ್ರೆ ಪರೀಕ್ಷೆ ಮಾಡೋದು ಯಾರ ಜೊತೆ? ಹಾಗಾಗಿ ರೈಲು ತಡ ಆದ್ರೆ ಸಿಗ್ನಲ್ ಪರೀಕ್ಷೆಯೂ ತಡ. ಆಮೇಲೆ ರೈಲು ವೇಗದಲ್ಲಿ ಎಷ್ಟು ಅಲುಗಾಡುತ್ತೆ ಅಂತ ಲಖನೌದ ಆರ್‌ಡಿಎಸ್‌ಓ ಸಂಸ್ಥೆ ನೋಡಬೇಕು. ಸ್ವತಂತ್ರ ಸುರಕ್ಷತಾ ಪರಿಶೀಲಕರ ಪ್ರಮಾಣಪತ್ರ ಬರಬೇಕು. ಕೊನೆಗೆ ಮೆಟ್ರೋ ರೈಲು ಸುರಕ್ಷತಾ ಆಯುಕ್ತರು ಬಂದು ನೋಡಬೇಕು. ಅದು ನಡೆದಿದ್ದು 2025ರ ಜುಲೈನಲ್ಲಿ.

ಇವೆಲ್ಲ ಒಂದರ ಹಿಂದೆ ಒಂದು ನಿಲ್ಲೋ ಕೆಲಸಗಳು. ಹೀಗೆ ಕ್ಯೂ ನಿಂತಿರೋ ಕೆಲಸಗಳಲ್ಲಿ ಅತಿ ಉದ್ದದ ಸಾಲಿಗೆ ಕ್ರಿಟಿಕಲ್ ಪಾತ್ ಅಂತಾರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳವರು ಸೇರಿ ಈ ವಿಧಾನ ಬೆಳೆಸಿದ್ರು.

ನಮ್ಮ ಕ್ಯಾಂಪಸ್ ಉದಾಹರಣೆ ತಗೊಳ್ಳೋಣ. ರಾಜ್ಯೋತ್ಸವ ಕಾರ್ಯಕ್ರಮ ಅಂದ್ಕೊಳ್ಳಿ. ಆಡಿಟೋರಿಯಂ ಪರ್ಮಿಷನ್‌ಗೆ 8 ದಿನ. ಪರ್ಮಿಷನ್ ಸಿಕ್ಕಿದ ಮೇಲೆ ಸೌಂಡ್, ಲೈಟ್ ಬುಕ್ ಮಾಡೋಕೆ 4 ದಿನ. ಆಮೇಲೆ ಸ್ಟೇಜ್ ಮೇಲೆ ಪೂರ್ತಿ ರಿಹರ್ಸಲ್ 3 ದಿನ. ಒಟ್ಟು 15. ಇನ್ನೊಂದು ಕಡೆ ನಾಟಕದ ಅಭ್ಯಾಸ 10 ದಿನ, ಆಮೇಲೆ ಅದೇ 3 ದಿನದ ರಿಹರ್ಸಲ್, ಒಟ್ಟು 13. ಪೋಸ್ಟರ್‌ಗೆ 3 ದಿನ. ಈಗ ಹೇಳಿ, ಪೋಸ್ಟರ್ ಎರಡು ದಿನ ತಡ ಆದ್ರೆ ಏನಾಗುತ್ತೆ? ಏನೂ ಇಲ್ಲ. ನಾಟಕದ ಟೀಮ್ ಎರಡು ದಿನ ತಡ ಮಾಡಿದ್ರೂ ನಡೆಯುತ್ತೆ. ಆದ್ರೆ ಪರ್ಮಿಷನ್ ಲೆಟರ್ ಎರಡು ದಿನ ತಡ ಆದ್ರೆ ಇಡೀ ಕಾರ್ಯಕ್ರಮವೇ ಎರಡು ದಿನ ಮುಂದಕ್ಕೆ. ತಮಾಷೆ ಏನಂದ್ರೆ ಸ್ಟೇಟಸ್‌ಗೆ ಹಾಕೋದು ಪೋಸ್ಟರ್, ಲೈಕ್ ಬರೋದು ಪೋಸ್ಟರ್‌ಗೆ. ಲೆಟರ್ ಹಿಡ್ಕೊಂಡು ಆಫೀಸ್ ಮುಂದೆ ನಿಲ್ಲುವವರನ್ನ ಯಾರೂ ಫೋಟೋ ತೆಗಿಯಲ್ಲ.

ಮೆಟ್ರೋದಲ್ಲೂ ಹಾಗೇ. ಕಂಬ ಎದ್ದು ನಿಲ್ಲೋದು ಎಲ್ಲರಿಗೂ ಕಾಣುತ್ತೆ. ಬೋಗಿಯ ಗುತ್ತಿಗೆ, ಕಾರ್ಖಾನೆಯ ಒಪ್ಪಂದ ಯಾರ ಕಣ್ಣಿಗೂ ಬೀಳಲ್ಲ. ಆದ್ರೆ ಮಾರ್ಗ ತೆರೆಯೋ ದಿನ ನಿಂತಿದ್ದು ಕಾಣದ ಕೆಲಸದ ಮೇಲೆ.

ಎರಡನೇ ನಿಯಮ: ಹೆಚ್ಚು ದಿನ ಹಿಡಿಯೋ, ಇತರರನ್ನ ಕಾಯಿಸೋ ಕೆಲಸವನ್ನ ಮೊದಲು ಶುರು ಮಾಡಿ. ಅದನ್ನ ಮಾಡುವವರಿಗೆ ಉಳಿದ ಟೀಮ್‌ಗಳು ಕೈ ಜೋಡಿಸಲಿ.

4. ಸಂಧಿ ನೆನಪಿದೆಯಾ?

ನಮ್ಮಲ್ಲಿ ಎಷ್ಟೋ ಜನ ಇಂಗ್ಲಿಷ್ ಮೀಡಿಯಂನವರು. ಕನ್ನಡ ಎರಡನೇ ಭಾಷೆ ಇಲ್ಲಾ ಮೂರನೇ ಭಾಷೆ. ಸಂಧಿಗಳನ್ನ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿ ಮರೆತುಬಿಟ್ವಿ. ಆದ್ರೆ ಟೀಮ್‌ಗಳು ಸೇರೋ ಜಾಗವನ್ನ ಅರ್ಥ ಮಾಡಿಕೊಳ್ಳೋಕೆ ಸಂಧಿ ಪಾಠಕ್ಕಿಂತ ಒಳ್ಳೆ ಸಾಧನ ನಮಗೆ ಸಿಗಲಿಲ್ಲ. ಎರಡು ಪದ ಸೇರೋ ಜಾಗದಲ್ಲಿ ಏನೋ ಒಂದು ಆಗುತ್ತೆ. ಎರಡು ಟೀಮ್ ಸೇರೋ ಜಾಗದಲ್ಲೂ ಅಷ್ಟೇ. ಎಂಜಿನಿಯರ್‌ಗಳು ಅದನ್ನ ಇಂಟರ್‌ಫೇಸ್ ಅಂತಾರೆ.

ಲೋಪ ಸಂಧಿ: ಊರು + ಅಲ್ಲಿ = ಊರಲ್ಲಿ. ಸೇರುವಾಗ ಒಂದು ಸ್ವರ ಬಿದ್ದು ಹೋಯ್ತು. ಟೀಮ್‌ಗಳ ನಡುವೆ ಮಾತು ಬಿದ್ದು ಹೋಗೋದು ಹೀಗೆ. ಆಹ್ವಾನದ ಟೀಮ್‌ಗೆ ಗೊತ್ತು 300 ಜನ ಬರ್ತಾರೆ ಅಂತ. ಊಟದ ಟೀಮ್‌ಗೆ ಹೇಳಿದ್ರು. ಕುರ್ಚಿಯ ಟೀಮ್‌ಗೆ ಹೇಳಿಲ್ಲ. ಯಾರೂ ಸುಳ್ಳು ಹೇಳಿಲ್ಲ, ಸೇರೋ ಜಾಗದಲ್ಲಿ ಮಾತು ಉದುರಿ ಹೋಯ್ತು.

ಆದೇಶ ಸಂಧಿ: ಮಳೆ + ಕಾಲ = ಮಳೆಗಾಲ. ಕ ಇದ್ದದ್ದು ಗ ಆಯ್ತು. ಒಬ್ಬರು ಕೊಟ್ಟದ್ದು ಇನ್ನೊಬ್ಬರ ಹತ್ತಿರ ಹೋಗುವಾಗ ಬೇರೆಯೇ ಆಗಿಬಿಡುತ್ತೆ. ಇದಕ್ಕೆ ಪ್ರಪಂಚದ ಪ್ರಸಿದ್ಧ ಉದಾಹರಣೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್. ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಾಫ್ಟ್‌ವೇರ್ ನೂಕುಬಲದ ಲೆಕ್ಕವನ್ನ ಪೌಂಡ್-ಸೆಕೆಂಡ್‌ನಲ್ಲಿ ಕೊಟ್ಟಿತು. ಅದನ್ನ ಬಳಸಿದ ಸಾಫ್ಟ್‌ವೇರ್ ಅದು ನ್ಯೂಟನ್-ಸೆಕೆಂಡ್ ಅಂದ್ಕೊಂಡಿತು. ಒಂದು ಪೌಂಡ್ ಬಲ ಅಂದ್ರೆ ಸುಮಾರು 4.45 ನ್ಯೂಟನ್. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳನ ತುಂಬಾ ಹತ್ತಿರ ಹೋಗಿ ಕಳೆದುಹೋಯ್ತು. ಎರಡೂ ಟೀಮ್‌ಗಳಲ್ಲಿ ಬುದ್ಧಿವಂತರೇ ಇದ್ರು. ಲೆಕ್ಕ ತಪ್ಪಿದ್ದು ಸಂಧಿಯಲ್ಲಿ.

ಆಗಮ ಸಂಧಿ: ಮನೆ + ಇಂದ = ಮನೆಯಿಂದ. ಎರಡು ಸ್ವರ ಎದುರಾಬದುರು ಬಂದಾಗ ಹೇಳೋಕೆ ಕಷ್ಟ ಅಂತ ನಡುವೆ ಒಂದು ಯಕಾರ ಹೊಸದಾಗಿ ಬಂತು. ಇದು ನಮಗೆ ಬೇಕಾದದ್ದು! ಎರಡು ಟೀಮ್ ನೇರ ಸೇರೋದು ಕಷ್ಟ ಆದ್ರೆ, ನಡುವೆ ಒಬ್ಬರು ಬೇಕು. ದೊಡ್ಡ ರೈಲು ಯೋಜನೆಗಳಲ್ಲಿ ಸಿವಿಲ್, ಹಳಿ, ವಿದ್ಯುತ್, ಸಿಗ್ನಲ್, ಬೋಗಿ ಇವುಗಳು ಸೇರೋ ಜಾಗಗಳನ್ನ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಜವಾಬ್ದಾರಿ ಹಂಚೋದೇ ಒಂದು ಪ್ರತ್ಯೇಕ ಕೆಲಸ. ಪ್ಲಾಟ್‌ಫಾರ್ಮ್ ಅಂಚಿಗೂ ಬೋಗಿ ಬಾಗಿಲಿಗೂ ನಡುವಿನ ಸಂದು ಎಷ್ಟಿರಬೇಕು ಅನ್ನೋದು ಸಿವಿಲ್‌ನವರದ್ದಾ, ಬೋಗಿಯವರದ್ದಾ? ಇಬ್ಬರದ್ದೂ. ಇಬ್ಬರದ್ದು ಅಂದ್ರೆ ಯಾರದ್ದೂ ಅಲ್ಲ ಅಂತ ಆಗಬಾರದು ಅಂದ್ರೆ, ಒಂದು ಹೆಸರು ಬರೀಲೇಬೇಕು.

ಊರಿನ ಮಟ್ಟದಲ್ಲೂ ಹೀಗೊಂದು ಯಕಾರದ ಪ್ರಯತ್ನ ನಡೆದಿದೆ. ಬಸ್ಸು ಬಿಎಂಟಿಸಿಯದ್ದು, ಮೆಟ್ರೋ ಬಿಎಂಆರ್‌ಸಿಎಲ್‌ದು, ಫುಟ್‌ಪಾತ್ ಪಾಲಿಕೆಯದ್ದು. ಪ್ರಯಾಣಿಕ ಮಾತ್ರ ಒಬ್ಬನೇ. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸೋಕೆ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ಕಾಯ್ದೆಯನ್ನ 2022ರಲ್ಲಿ ತಂದ್ರು.

ಮೂರನೇ ನಿಯಮ: ಪ್ರತಿ ಸಂಧಿಗೆ ಒಬ್ಬರ ಹೆಸರು, ಒಂದು ತಾರೀಖು, ಒಂದು ಅಳತೆ. ಅಳತೆಗೆ ಯೂನಿಟ್ ಬರೆಯೋದು ಮರೀಬೇಡಿ.

5. ಒಂದೇ ಕಂಬ, ಎರಡು ಕೆಲಸ

ಬರೀ ತಡ ಆದದ್ದನ್ನೇ ಹೇಳಿದ್ರೆ ಅನ್ಯಾಯ. ಅದೇ ಹಳದಿ ಮಾರ್ಗದಲ್ಲಿ ಒಳ್ಳೆ ಉದಾಹರಣೆಯೂ ಇದೆ. ಆ ಡಬಲ್ ಡೆಕ್ಕರ್ ಸೇತುವೆಯನ್ನೇ ನೋಡಿ. ಕೆಳಗೆ ನೆಲದ ರಸ್ತೆ, ಅದರ ಮೇಲೆ ಮೇಲ್ಸೇತುವೆ ರಸ್ತೆ, ಅದರ ಮೇಲೆ ಮೆಟ್ರೋ. ರಸ್ತೆಗೂ ಮೆಟ್ರೋಗೂ ಒಂದೇ ಕಂಬ. ಇದನ್ನ ಆಮೇಲೆ ಯೋಚಿಸಿ ಸೇರಿಸೋಕೆ ಆಗಲ್ಲ. ತಳಪಾಯ ಎಷ್ಟು ಆಳ, ಎಷ್ಟು ದಪ್ಪ ಅಂತ ತೀರ್ಮಾನ ಮಾಡೋ ದಿನವೇ ಎರಡೂ ಅಂತಸ್ತಿನ ಭಾರ ಗೊತ್ತಿರಬೇಕು. ಓಡೋ ರೈಲಿನ ಭಾರ, ಬ್ರೇಕ್ ಹಾಕಿದಾಗ ಬರೋ ಬಲ, ಕೆಳಗಿನ ವಾಹನಗಳ ಭಾರ, ಎಲ್ಲವೂ ಒಂದೇ ಹಾಳೆಯಲ್ಲಿ ಬರಬೇಕು. ರಸ್ತೆಯವರು, ಮೆಟ್ರೋದವರು ಬೇರೆ ಬೇರೆ ಕಂಬ ಹಾಕಿದ್ದಿದ್ರೆ ಮಾರೇನಹಳ್ಳಿ ರಸ್ತೆಯಲ್ಲಿ ಮಿಕ್ಕ ವಾಹನಗಳಿಗೆ ಜಾಗ ಎಲ್ಲಿ ಇರ್ತಿತ್ತು?

ಸ್ವಲ್ಪ ಮುಂದೆ ಜಯದೇವದಲ್ಲಿ ಇದರ ಇನ್ನೊಂದು ಮುಖ ಇದೆ. ಅಲ್ಲಿ ಹಳದಿ ಮಾರ್ಗ ಮತ್ತು ಗುಲಾಬಿ ಮಾರ್ಗ ಒಂದನ್ನೊಂದು ದಾಟುತ್ತವೆ. ಅದಕ್ಕೆ ಜಾಗ ಮಾಡೋಕೆ ಅಲ್ಲಿದ್ದ ಹಳೇ ಮೇಲ್ಸೇತುವೆಯನ್ನ 2020ರಲ್ಲಿ ಒಡೆಯಬೇಕಾಯ್ತು. ಈಗ ಅಲ್ಲಿ ಅಂಡರ್‌ಪಾಸ್, ನೆಲದ ರಸ್ತೆ, ಮೇಲ್ಸೇತುವೆ, ಎರಡು ಮೆಟ್ರೋ ಮಾರ್ಗ ಎಲ್ಲವೂ ಒಂದರ ಮೇಲೊಂದು. ಮೊದಲ ಸೇತುವೆ ಕೆಟ್ಟದಾಗಿ ಕಟ್ಟಿದ್ರು ಅಂತ ಅಲ್ಲ. ಅದು ವಾಹನಗಳಿಗೆ ಅಂತ ಕಟ್ಟಿದ್ದು, ಆ ಕೆಲಸ ಮಾಡ್ತಿತ್ತು. ಆದ್ರೆ ಮುಂದೆ ಬರೋ ಟೀಮ್‌ಗೆ ಜಾಗ ಇರಲಿಲ್ಲ. ನಮ್ಮ ಕೋಡ್‌ನಲ್ಲೂ ಹೀಗೇ ಅಲ್ವಾ? ಇವತ್ತಿಗೆ ಓಡಿದ್ರೆ ಸಾಕು ಅಂತ ಬರೆದದ್ದನ್ನ ಮುಂದಿನ ಸೆಮಿಸ್ಟರ್‌ನ ಜೂನಿಯರ್‌ಗಳು ಪೂರ್ತಿ ಒಡೆದು ಕಟ್ಟಬೇಕಾಗುತ್ತೆ.

ನಾಲ್ಕನೇ ನಿಯಮ: ಇಬ್ಬರೂ ನಿಲ್ಲಬೇಕಾದ ಕಂಬ ಯಾವುದು ಅಂತ ಮೊದಲ ದಿನವೇ ಕೇಳಿ. ಅದರ ತಳಪಾಯವನ್ನ ಒಟ್ಟಿಗೆ ಹಾಕಿ.

6. ಗುರಿಯನ್ನ ಹೇಗೆ ಬರೆಯೋದು?

ಈಗ ಮುಖ್ಯ ಪ್ರಶ್ನೆ. ಎಲ್ಲ ಟೀಮ್‌ಗೂ ಒಂದೇ ಗುರಿ ಇರಲಿ ಅಂತ ಎಲ್ಲರೂ ಹೇಳ್ತಾರೆ. ಆಫೀಸ್ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ "ಒಟ್ಟಾಗಿ ಮುನ್ನಡೆಯೋಣ" ಅಂತ ಬರೆದು ಹಾಕಿದ್ರೆ ಆಯ್ತಾ? ಆಗಲ್ಲ. ಒಂದು ಗುರಿ ಕೆಲಸಕ್ಕೆ ಬರುತ್ತಾ ಅಂತ ನೋಡೋಕೆ ಒಂದೇ ಪರೀಕ್ಷೆ: ಅದನ್ನ ಓದಿದ ಮೇಲೆ ಯಾರಾದ್ರೂ ನಾಳೆ ಬೆಳಿಗ್ಗೆ ಮಾಡೋ ಕೆಲಸ ಬದಲಾಗುತ್ತಾ? ಬದಲಾಗಲ್ಲ ಅಂದ್ರೆ ಅದು ಬರೀ ಗೋಡೆ ಬರಹ.

ಇದಕ್ಕೆ ಕಂಪನಿಗಳು ಬಳಸೋ ಒಂದು ವಿಧಾನದ ಹೆಸರು ಓಕೆಆರ್. ಇಂಟೆಲ್‌ನಲ್ಲಿ 1970ರ ದಶಕದಲ್ಲಿ ಆಂಡಿ ಗ್ರೋವ್ ಇದನ್ನ ರೂಢಿಗೆ ತಂದ್ರು. ಅಲ್ಲಿ ಕಲಿತ ಜಾನ್ ಡೋರ್ 1999ರಲ್ಲಿ ಅದನ್ನ ಗೂಗಲ್‌ಗೆ ತೋರಿಸಿಕೊಟ್ರು. ವಿಧಾನ ಸರಳ. ಮೇಲೆ ಒಂದು ಗುರಿ, ಮಾತಿನಲ್ಲಿ. ಅದರ ಕೆಳಗೆ ಮೂರೋ ನಾಲ್ಕೋ ಫಲಿತಾಂಶ, ಅಂಕಿಯಲ್ಲಿ. ಫಲಿತಾಂಶ ಆಗಿದೆಯಾ ಇಲ್ವಾ ಅಂತ ಜಗಳ ಇಲ್ಲದೆ ಹೇಳೋ ಹಾಗಿರಬೇಕು.

ಹಳದಿ ಮಾರ್ಗಕ್ಕೆ ನಾವೇ ಒಂದು ಬರೆದು ನೋಡಿದ್ವಿ.

ಗುರಿ: ಜಯನಗರದಲ್ಲಿ ರೈಲು ಹತ್ತಿದವರು ರಸ್ತೆಗೆ ಇಳಿಯದೆ ಎಲೆಕ್ಟ್ರಾನಿಕ್ ಸಿಟಿ ತಲುಪಬೇಕು.
ಫಲಿತಾಂಶ 1: ಇಂಥ ತಾರೀಖಿಗೆ 25 ನಿಮಿಷಕ್ಕೊಂದು ರೈಲು.
ಫಲಿತಾಂಶ 2: ಇಂಥ ತಾರೀಖಿಗೆ 15 ನಿಮಿಷಕ್ಕೊಂದು ರೈಲು.
ಫಲಿತಾಂಶ 3: ಇಂಥ ತಾರೀಖಿಗೆ 5 ನಿಮಿಷಕ್ಕೊಂದು ರೈಲು.

ಇದರಲ್ಲಿ ಕಂಬ ಅನ್ನೋ ಪದವೇ ಇಲ್ಲ, ಬೋಗಿ ಅನ್ನೋ ಪದವೂ ಇಲ್ಲ. ಇರೋದು ಪ್ರಯಾಣಿಕರ ನಿಮಿಷ ಮಾತ್ರ. ಯಾವ ಒಂದು ಟೀಮೂ ಒಬ್ಬಂಟಿಯಾಗಿ ಇದನ್ನ ಸಾಧಿಸೋಕೆ ಆಗಲ್ಲ, "ನಮ್ಮ ಭಾಗ ಮುಗೀತು" ಅಂತ ಯಾರೂ ಹೇಳೋಕೂ ಆಗಲ್ಲ. ಕಂಬ ಕಟ್ಟಿ ಮುಗಿಸಿದವರೂ ಅಂಕಿ ನೋಡಿ "ರೈಲು ಎಲ್ಲಿಗೆ ಬಂತು" ಅಂತ ಕೇಳಬೇಕಾಗುತ್ತೆ. ಹಂಚಿಕೊಂಡ ಗುರಿ ಅಂದ್ರೆ ನಮ್ಮ ಪ್ರಕಾರ ಇದು.

ಇನ್ನೊಂದು ವಿಷಯ ಗಮನಿಸಿ. ಫಲಿತಾಂಶಗಳು ಮೆಟ್ಟಿಲಿನ ಹಾಗಿವೆ. 15 ರೈಲೂ ಬರಲಿ, ಆಮೇಲೆ ಬಾಗಿಲು ತೆಗಿಯೋಣ ಅಂತ ಕಾದಿದ್ರೆ ಇನ್ನೂ ಎಷ್ಟು ದಿನ ಆಗ್ತಿತ್ತೋ. 3 ರೈಲಿನಲ್ಲೇ ಶುರು ಮಾಡಿದ್ರು. 25 ನಿಮಿಷ ಕಾಯೋದು ಕಿರಿಕಿರಿ ನಿಜ, ಆದ್ರೆ 75 ÷ 0ಗಿಂತ ವಾಸಿ.

ಐದನೇ ನಿಯಮ: ಗುರಿಯನ್ನ ಟೀಮ್‌ನ ಮಾತಿನಲ್ಲಿ ಬರೀಬೇಡಿ, ಅದನ್ನ ಬಳಸೋರ ಮಾತಿನಲ್ಲಿ ಬರೀರಿ.

7. ಒಂದು ಎಚ್ಚರಿಕೆ

ಒಂದೇ ಗುರಿ ಅಂದ್ರೆ ಎಲ್ಲರೂ "ಹೂಂ" ಅನ್ನಬೇಕು ಅಂತಲ್ಲ. ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ಬಗ್ಗೆ ಹೇಳಿದ್ವಲ್ಲ, ಅವರು ಇರೋದು ರೈಲ್ವೆ ಸಚಿವಾಲಯದ ಕೆಳಗೂ ಅಲ್ಲ, ಮೆಟ್ರೋ ಕಂಪನಿಯ ಕೆಳಗೂ ಅಲ್ಲ. ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ. ವಿಚಿತ್ರ ಅನ್ನಿಸಬಹುದು, ಆದ್ರೆ ಅರ್ಥ ಇದೆ. ರೈಲು ಓಡಿಸೋ ಅವಸರ ಇರುವವರೇ ರೈಲು ಸುರಕ್ಷಿತ ಅಂತ ಸಹಿ ಹಾಕಬಾರದು. ಜನ ಕಾಯ್ತಾ ಇದ್ದಾರೆ, ಪತ್ರಿಕೆಗಳು ಬರೀತಾ ಇವೆ, ತಾರೀಖು ಘೋಷಣೆ ಆಗಿದೆ ಅನ್ನೋ ಒತ್ತಡದ ನಡುವೆಯೂ "ಇದು ಸರಿ ಆಗೋವರೆಗೆ ಬೇಡ" ಅನ್ನೋಕೆ ಒಬ್ಬರಿಗೆ ಸ್ವಾತಂತ್ರ್ಯ ಇರಬೇಕು. ಅವರೂ ಅದೇ ಗುರಿಗೇ ದುಡೀತಾ ಇದ್ದಾರೆ, ಯಾಕಂದ್ರೆ ಗುರಿ ಇರೋದು ಹತ್ತಿದವರು ಕ್ಷೇಮವಾಗಿ ತಲುಪಬೇಕು ಅಂತ.

ನಮ್ಮ ಪ್ರಾಜೆಕ್ಟ್‌ಗಳಲ್ಲಿ ಟೆಸ್ಟಿಂಗ್ ಮಾಡೋ ಹುಡುಗೀನೋ ಹುಡುಗನೋ ಕೊನೆ ರಾತ್ರಿ "ಇದು ಸರಿ ಇಲ್ಲ" ಅಂದಾಗ ಎಲ್ಲರಿಗೂ ಕೋಪ ಬರುತ್ತೆ. ಇನ್ಮೇಲೆ ಕೋಪ ಬಂದಾಗ ಸುರಕ್ಷತಾ ಆಯುಕ್ತರನ್ನ ನೆನಪಿಸಿಕೊಳ್ಳೋಣ.

8. ಮನೆಗೆಲಸ

ಓದಿ ಬಿಟ್ರೆ ಕಲಿತ ಹಾಗಲ್ಲ. ಈ ಮೂರನ್ನ ಮಾಡಿ ನೋಡಿ.

ಒಂದು: ನಿಮ್ಮ ಈಗಿನ ಮಿನಿ ಪ್ರಾಜೆಕ್ಟ್ ಅಥವಾ ಕ್ಲಬ್ ಕೆಲಸ ತಗೊಳ್ಳಿ. ಅದರ ಗುರಿಯನ್ನ ಒಂದೇ ವಾಕ್ಯದಲ್ಲಿ, ಕನ್ನಡದಲ್ಲಿ, ಅದನ್ನ ಬಳಸೋರ ಮಾತಿನಲ್ಲಿ ಬರೀರಿ. ಟೀಮ್‌ನ ಪ್ರತಿಯೊಬ್ಬರೂ ಬೇರೆ ಬೇರೆ ಬರೆದು ಆಮೇಲೆ ಹೋಲಿಸಿ. ನಾಲ್ಕು ಜನ ನಾಲ್ಕು ಥರ ಬರೆದಿದ್ರೆ ನಿಮ್ಮ ಎತ್ತು ಕೋಣಗಳು ಎಲ್ಲಿವೆ ಅಂತ ಗೊತ್ತಾಯ್ತು.

ಎರಡು: ಎಲ್ಲ ಸಂಧಿಗಳ ಪಟ್ಟಿ ಮಾಡಿ. ಹಾರ್ಡ್‌ವೇರ್ ಮತ್ತು ಕೋಡ್ ಸೇರೋ ಜಾಗ, ಕೋಡ್ ಮತ್ತು ರಿಪೋರ್ಟ್ ಸೇರೋ ಜಾಗ, ರಿಪೋರ್ಟ್ ಮತ್ತು ಗೈಡ್ ಸಹಿ ಸೇರೋ ಜಾಗ. ಪ್ರತಿಯೊಂದರ ಮುಂದೆ ಒಬ್ಬರ ಹೆಸರು ಬರೀರಿ. ಹೆಸರು ಇಲ್ಲದ ಸಂಧಿ ಸಿಕ್ಕಿದ್ರೆ ಅಲ್ಲಿ ಲೋಪವೋ ಆದೇಶವೋ ಕಾದು ಕೂತಿದೆ.

ಮೂರು: ಲೆಕ್ಕ. ಒಂದು ಸುತ್ತಿನ ಸಮಯ 75 ನಿಮಿಷ. 10 ನಿಮಿಷದೊಳಗೆ ಒಂದು ರೈಲು ಬರಬೇಕು ಅಂದ್ರೆ ಕನಿಷ್ಠ ಎಷ್ಟು ರೈಲು ಓಡಬೇಕು? 2 ರೈಲು ಬಿಡುವಾಗಿ ಇಡಬೇಕು ಅಂದ್ರೆ ಡಿಪೋದಲ್ಲಿ ಒಟ್ಟು ಎಷ್ಟಿರಬೇಕು?

ಮೂರನೆಯದರ ಉತ್ತರ ಹೇಳಿಬಿಡ್ತೀವಿ: 7 ರೈಲಿಗೆ 10.7 ನಿಮಿಷ, ಸಾಲದು. 8 ಬೇಕು, ಆಗ 9.4 ನಿಮಿಷ. ಬಿಡುವಿನ 2 ಸೇರಿಸಿ 10. ಮೊದಲ ಎರಡರ ಉತ್ತರ ನಿಮ್ಮ ಟೀಮ್‌ನಲ್ಲೇ ಇದೆ, ಕೂತು ಮಾತಾಡಿ. ನಿಮ್ಮ ಸಂಧಿ ಪಟ್ಟಿಯನ್ನ ಕನ್ನಡ ಸಂಘದ ಮುಂದಿನ ಸಭೆಗೆ ತನ್ನಿ, ಒಟ್ಟಿಗೆ ನೋಡೋಣ.